ಮುಕ್ಕಾಲು ವೇಗ ದಾಟಿದರೆ ದೋಣಿಗೆ ಓಟವೇ ಇಲ್ಲ: ಔಟ್‌ಬೋರ್ಡ್ ಎಂಜಿನ್ ಬಲ್ಲವರು ದಯವಿಟ್ಟು ತಿಳಿಸಿ

ಗಂಗೊಳ್ಳಿ ನಾಡದೋಣಿ:
ನಮ್ಮ ದೋಣಿಯ 9.9 ಎಚ್‌ಪಿ, ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್ ಮಳೆಗಾಲ ಹಿಡಿದಾಗಿನಿಂದ ಸತಾಯಿಸುತ್ತಿದೆ. ಹಗ್ಗ ಎಳೆದರೆ ಕೂಡಲೇ ಚಾಲೂ ಆಗುತ್ತದೆ, ನಿಧಾನವಾಗಿ ಎಷ್ಟು ಹೊತ್ತು ಓಡಿಸಿದರೂ ತಕರಾರಿಲ್ಲ. ಆದರೆ ಹಿಡಿಕೆಯನ್ನು ಮುಕ್ಕಾಲಿಗಿಂತ ಮೇಲಕ್ಕೆ ತಿರುಗಿಸಿದರೆ ಸ್ವಲ್ಪ ಹೊತ್ತಿನಲ್ಲೇ ದೋಣಿಯ ಓಟ ಬಿದ್ದುಹೋಗುತ್ತದೆ. ಪ್ಲಗ್ ಹೊಸದು, ಕಾರ್ಬೊರೇಟರ್ ಸ್ವಚ್ಛ ಮಾಡಿಸಿದ್ದೇನೆ. ರಿಪೇರಿಯವರು ಹೊಸ ಎಂಜಿನ್ ತೆಗೆದುಕೊಳ್ಳಿ ಎಂದು ಕೈತೊಳೆದುಕೊಂಡರು. ಜೂನ್ 1ರಿಂದ ಜುಲೈ 31ರವರೆಗೆ ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ದೊಡ್ಡ ಬೋಟುಗಳು ಬಂದರಿನಲ್ಲಿ ನಿಂತಿರುವಾಗಲೇ 10 ಎಚ್‌ಪಿ ಒಳಗಿನ ನಮ್ಮಂಥವರಿಗೆ ನಾಲ್ಕು ಕಾಸು ಕಾಣುವುದು. ಅಳಿವೆ ಬಾಗಿಲಿನಲ್ಲಿ ಅಲೆ ಎದ್ದಾಗ ಎಂಜಿನ್ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಲ್ಪೆ ಎಂಜಿನ್ ಕೆಲಸ:
ಇದು ಮೇನ್ ಜೆಟ್ಟಿನ, ಅಂದರೆ ಕಾರ್ಬೊರೇಟರಿನಲ್ಲಿ ಇಂಧನ ಹಾಯುವ ತೂತಿನ ತಿರುಪಿನ ತೊಂದರೆ, ಸಂಶಯವೇ ಬೇಡ. ನಿಧಾನದ ಓಟಕ್ಕೆ ಬೇಕಾದ ಎಣ್ಣೆ (ಇಂಧನ) ಬೇರೆ ಸಣ್ಣ ದಾರಿಯಲ್ಲಿ ಬರುತ್ತದೆ, ಹೆಚ್ಚು ತೆರೆದಾಗಲೇ ಮೇನ್ ಜೆಟ್ ಮುಖ್ಯವಾಗಿ ದುಡಿಯುತ್ತದೆ. ಅದರ ತೂತು ಒಂದು ಮಿಲಿಮೀಟರಿನ ಆಸುಪಾಸಿನದು. ಅರಗಿನಂಥ ಅಂಟು ಒಂದಿಷ್ಟು ಕಟ್ಟಿಕೊಂಡರೂ ನೀವು ಹೇಳಿದ ಲಕ್ಷಣವೇ ಕಾಣಿಸುತ್ತದೆ. ಇನ್ನೊಮ್ಮೆ ಬಿಚ್ಚಿಸಿ, ಜೆಟ್ಟನ್ನು ಬೆಳಕಿಗೆ ಹಿಡಿದು ತೂತು ದುಂಡಗಿದೆಯೇ ನೋಡಿ. ತಂತಿ ತೂರಿಸಬೇಡಿ, ತೂತು ದೊಡ್ಡದಾಗುತ್ತದೆ.

ಹೊನ್ನಾವರ ಅಳಿವೆ:
ಬಿಚ್ಚುವ ಮೊದಲು ಎರಡು ವಿಷಯ ತಿಳಿಸಿ. ದೋಣಿಯ ಓಟ ಬಿದ್ದಾಗ ಎಂಜಿನ್ನಿನ ಸದ್ದು ಏರುತ್ತದೆಯೋ, ಇಳಿಯುತ್ತದೆಯೋ? ಸದ್ದು ಏರಿ ದೋಣಿ ಹಿಂದುಳಿದರೆ ಪ್ರೊಪೆಲ್ಲರಿನ ಒಳಗಿನ ರಬ್ಬರ್ ಬುಷ್ ಜಾರುತ್ತಿರಬಹುದು; ಸದ್ದು ಇಳಿದರೆ ಎಣ್ಣೆಯೋ ಕಿಡಿಯೋ ಕೊರತೆಯಾಗಿದೆ ಎಂದು ಅರ್ಥ. ಎರಡಕ್ಕೂ ಮದ್ದು ಬೇರೆ. ಇನ್ನು, ಓಡುತ್ತಿರುವುದು ಪೆಟ್ರೋಲಿನಲ್ಲೋ ಸೀಮೆಎಣ್ಣೆಯಲ್ಲೋ?

ಗಂಗೊಳ್ಳಿ ನಾಡದೋಣಿ:
ಸದ್ದು ಇಳಿಯುತ್ತದೆ, ಕೆಮ್ಮಿದ ಹಾಗೆ ಎರಡು ಸಲ ಮುಗ್ಗರಿಸುತ್ತದೆ. ಸೀಮೆಎಣ್ಣೆ ಎಂಜಿನ್ನೇ, ನಾಡದೋಣಿಯವರು ಮತ್ತೇನು ಹಾಕುತ್ತಾರೆ? ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಕಾಕ್ ತಿರುಗಿಸಿ ಸೀಮೆಎಣ್ಣೆಗೆ ಬರುತ್ತೇನೆ. ಜೆಟ್ ಮತ್ತೆ ತೆಗೆಸಿ ನೋಡಿದ್ದಾಯಿತು, ತೂತು ಚೊಕ್ಕವಾಗಿದೆ.

ಮಲ್ಪೆ ಎಂಜಿನ್ ಕೆಲಸ:
ಚೊಕ್ಕವಾಗಿ ಕಂಡರೆ ಸಾಲದು. ಜೆಟ್ಟಿನ ಮೇಲಿನ ನಳಿಗೆಯಲ್ಲೂ ಕಸ ಕೂರುತ್ತದೆ, ಕಾರ್ಬೊರೇಟರಿಗೆ ಎಣ್ಣೆ ಬಿಡುವ ಫ್ಲೋಟಿನ ಸೂಜಿ ಅಂಟಿಕೊಂಡಿದ್ದರೂ ಹೀಗೇ ಆಗುತ್ತದೆ. ಕಾರ್ಬೊರೇಟರನ್ನು ಪೂರ್ತಿಯಾಗಿ ಬಿಡಿಸಿ ನೆನೆಹಾಕಿಸಿ. ಎಂಜಿನ್ನಿಗೆ ಜಿಡ್ಡು ಕೊಡುವ ಆಯಿಲನ್ನು ಎಣ್ಣೆಗೆ ಎಷ್ಟು ಬೆರೆಸುತ್ತೀರಿ? ಸೀಮೆಎಣ್ಣೆಗೆ ಸ್ವಲ್ಪ ಹೆಚ್ಚೇ ಬೇಕು.

ಕಾರವಾರ ಫೋರ್ ಸ್ಟ್ರೋಕ್:
ಆಯಿಲನ್ನು ಮನಸ್ಸಿಗೆ ಬಂದಂತೆ ಹೆಚ್ಚಿಸುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕಂಪನಿ ಪುಸ್ತಕದಲ್ಲಿ ಆ ಎಂಜಿನ್ನಿಗೆ ಬರೆದ ಪ್ರಮಾಣವೇ ಸರಿ. ಹೆಚ್ಚು ಬೆರೆಸಿದಷ್ಟೂ ಉರಿಯುವ ಎಣ್ಣೆಯ ಪಾಲು ಕಡಿಮೆಯಾಗುತ್ತದೆ, ಎಕ್ಸಾಸ್ಟ್ ದಾರಿಯಲ್ಲಿ ಮಸಿಯೂ ಕಟ್ಟುತ್ತದೆ. ನನ್ನದು 40 ಎಚ್‌ಪಿ ಫೋರ್ ಸ್ಟ್ರೋಕ್, ಟ್ಯಾಂಕಿನಿಂದ ಹೊರಟ ಪೆಟ್ರೋಲು ನೀರು ಬೇರ್ಪಡಿಸುವ ದೊಡ್ಡ ಫಿಲ್ಟರ್ ದಾಟಿಯೇ ಎಂಜಿನ್ನಿಗೆ ಹೋಗುತ್ತದೆ. ಎಥೆನಾಲ್ ಬೆರೆತ ಪೆಟ್ರೋಲು ನೀರನ್ನು ಹೀರಿಕೊಳ್ಳುವುದರಿಂದ ಈಗ ಅಂಥ ಫಿಲ್ಟರ್ ಇಲ್ಲದೆ ನಾನು ಕಡಲಿಗಿಳಿಯುವುದಿಲ್ಲ.

ಮಲ್ಪೆ ಎಂಜಿನ್ ಕೆಲಸ:
ಪುಸ್ತಕ ಬರೆದವರು ನಮ್ಮ ಡ್ರಮ್ಮಿನ ಸೀಮೆಎಣ್ಣೆಯನ್ನು ನೋಡಿಲ್ಲ. ಫೋರ್ ಸ್ಟ್ರೋಕಿನ ಲೆಕ್ಕವನ್ನು ಇಲ್ಲಿಗೆ ತರಬೇಡಿ.

ಹೊನ್ನಾವರ ಅಳಿವೆ:
ಆಯಿಲ್ ಮಾತು ಆಮೇಲೆ ಆಗಲಿ. ನೀರಿನ ಮಾತು ಮಾತ್ರ ಸೀಮೆಎಣ್ಣೆಗೂ ಸಲ್ಲುತ್ತದೆ: ಟ್ಯಾಂಕಿನ ತಳದಿಂದ ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದು ಒಂದು ರಾತ್ರಿ ಇಡಿ, ನೀರಿದ್ದರೆ ಕೆಳಗೆ ಗೆರೆ ಕೊರೆದಂತೆ ಬೇರೆಯಾಗಿ ನಿಲ್ಲುತ್ತದೆ.

ಗಂಗೊಳ್ಳಿಯ ಅಣ್ಣನವರು ಒಂದು ಪರೀಕ್ಷೆ ಮಾಡಬೇಕು, ಖರ್ಚೇನಿಲ್ಲ. ಟ್ಯಾಂಕಿನ ಮುಚ್ಚಳದ ಗಾಳಿ ತಿರುಪನ್ನು ಪೂರ್ತಿ ಸಡಿಲಿಸಿ. ಹೊಳೆಯೊಳಗೆ ನೀರು ಶಾಂತವಾಗಿರುವ ಕಡೆ ಪೂರ್ತಿ ವೇಗಕ್ಕೆ ಹೋಗಿ, ಎಂಜಿನ್ ಕುಗ್ಗಲು ಶುರುವಾದ ಕೂಡಲೇ ಜೊತೆಗಿರುವವರು ಪೈಪಿನ ನಡುವೆ ಎಣ್ಣೆ ತಳ್ಳಲು ಕೈಯಿಂದ ಒತ್ತುವ ರಬ್ಬರ್ ಬಲ್ಬನ್ನು ಮುಟ್ಟಿ ನೋಡಲಿ. ಬಲ್ಬ್ ಒಳಕ್ಕೆ ಎಳೆದುಕೊಂಡು ಚಪ್ಪಟೆಯಾಗಿದ್ದರೆ ಟ್ಯಾಂಕಿಗೂ ಬಲ್ಬಿಗೂ ನಡುವೆ ದಾರಿ ಕಟ್ಟಿದೆ. ಚಪ್ಪಟೆಯಾಗದೆ, ಕೈಯಿಂದ ಒತ್ತುತ್ತಾ ಹೋದಾಗ ಎಂಜಿನ್ ಚೇತರಿಸಿಕೊಂಡರೆ ಎಣ್ಣೆ ಪಂಪ್ ಸೋತಿದೆ, ಇಲ್ಲವೇ ಬಲ್ಬಿನಿಂದ ಮುಂದಕ್ಕೆ ಏನೋ ತಡೆಯುತ್ತಿದೆ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ. ಒತ್ತಿದರೂ ಏನೂ ಬದಲಾಗದಿದ್ದರೆ ಕಿಡಿಯ ಕಡೆಗೆ, ಅಂದರೆ ಪ್ಲಗ್ಗಿಗೆ ವಿದ್ಯುತ್ ಕೊಡುವ ಕಾಯಿಲ್ ಮತ್ತು ಸಿಡಿಐ ಕಡೆಗೆ ಹೊರಳೋಣ.

ಗಂಗೊಳ್ಳಿ ನಾಡದೋಣಿ:
ಪರೀಕ್ಷೆ ಮಾಡಿದೆ. ಬಲ್ಬ್ ಚಪ್ಪಟೆಯಾಗಲಿಲ್ಲ. ತಮ್ಮ ಒತ್ತುತ್ತಲೇ ಇದ್ದಷ್ಟು ಹೊತ್ತು ಎಂಜಿನ್ ಹಳೆಯ ಹಾಗೆಯೇ ಕೂಗಿತು, ಕೈಬಿಟ್ಟ ಸ್ವಲ್ಪ ಹೊತ್ತಿಗೆ ಮತ್ತೆ ಕುಗ್ಗಿತು. ಬಾಟಲಿಯಲ್ಲಿ ನೀರು ಕಾಣಲಿಲ್ಲ. ಆದರೆ ಬಲ್ಬ್ ಒತ್ತಲು ಆತ ಮುಂದೆಯೇ ಕೂರಬೇಕಾಗುತ್ತದೆ, ಬಲೆ ಬಿಡುವಾಗ ಅದು ಆಗದ ಕೆಲಸ.

ಮಲ್ಪೆ ಎಂಜಿನ್ ಕೆಲಸ:
ಹಾಗಾದರೆ ಪಂಪಿನ ಡಯಾಫ್ರಾಮ್. ಕ್ರ್ಯಾಂಕ್‌ಕೇಸಿನ ಒತ್ತಡ ಏರಿಳಿಯುವುದರಿಂದಲೇ ಆ ತೆಳು ಪೊರೆ ಮಿಡಿದು ಎಣ್ಣೆ ಎಳೆಯುತ್ತದೆ. ಅದು ಗಡುಸಾದರೆ ನಿಧಾನದ ಓಟಕ್ಕೆ ಸಾಕಾಗುತ್ತದೆ, ಪೂರ್ತಿ ವೇಗಕ್ಕೆ ಸಾಲುವುದಿಲ್ಲ. ಕಿಟ್ ತರಿಸಿ ಹಾಕಿ. ಜೆಟ್ಟಿನ ಸಂಶಯವನ್ನು ನಾನು ಪೂರ್ತಿ ಬಿಟ್ಟಿಲ್ಲ.

ಹೊನ್ನಾವರ ಅಳಿವೆ:
ಸ್ವಲ್ಪ ತಾಳಿ. ಬಲ್ಬ್ ಒತ್ತುವವರು ಮುಂದೆ ಏಕೆ ಕೂರಬೇಕು? ಟ್ಯಾಂಕ್ ಎಲ್ಲಿದೆ?

ಗಂಗೊಳ್ಳಿ ನಾಡದೋಣಿ:
ಐಸ್ ಪೆಟ್ಟಿಗೆಗೆ ಹಿಂದೆ ಜಾಗ ಬೇಕಿದ್ದುದರಿಂದ ಈ ವರ್ಷ ಟ್ಯಾಂಕನ್ನು ದೋಣಿಯ ಮುಂಭಾಗಕ್ಕೆ ಸರಿಸಿದ್ದೇವೆ. ಬಲ್ಬ್ ಟ್ಯಾಂಕಿನ ಪಕ್ಕದಲ್ಲೇ ಇದೆ. ಅಲ್ಲಿಂದ ಎಂಜಿನ್ನಿನವರೆಗೆ ಅಂಗಡಿಯಲ್ಲಿ ಸಿಕ್ಕ ಪೈಪನ್ನು ಜೋಡಿಸಿ ಉದ್ದ ಮಾಡಿದೆ. ಬೈಕಿನ ಪೆಟ್ರೋಲ್ ಪೈಪಿನಷ್ಟು ದಪ್ಪದ್ದು. ಎರಡು ಕಡೆ ಕ್ಲ್ಯಾಂಪ್ ಹಾಕಿದ್ದೇನೆ. ಸೋರುವುದೇನೂ ಇಲ್ಲ.

ಹೊನ್ನಾವರ ಅಳಿವೆ:
ಪಂಪನ್ನು ಬಿಚ್ಚುವ ಮೊದಲು ಈ ಪೈಪನ್ನೇ ಸಂಶಯಿಸಬೇಕು. ಈ ಅಳತೆಯ ಟೂ ಸ್ಟ್ರೋಕ್ ಪೂರ್ತಿ ವೇಗದಲ್ಲಿ ಗಂಟೆಗೆ ಸುಮಾರು ನಾಲ್ಕು ಲೀಟರ್ ಕುಡಿಯುತ್ತದೆ, ನಿಧಾನದ ಓಟಕ್ಕೆ ಅದರ ಸಣ್ಣ ಪಾಲು ಸಾಕು. ಪೈಪ್ ಸಣ್ಣದಾಗಿ ಉದ್ದವಾದಷ್ಟೂ ಎಣ್ಣೆ ಹರಿಯುವುದಕ್ಕೆ ತಡೆ ಹೆಚ್ಚುತ್ತದೆ, ಎಂಜಿನ್ ಹೆಚ್ಚು ಕೇಳಿದಾಗಲೇ ಆ ತಡೆ ಬಯಲಾಗುವುದು. ತಡೆ ಬಲ್ಬಿನಿಂದ ಮುಂದೆ ಇರುವುದರಿಂದ ಬಲ್ಬ್ ಚಪ್ಪಟೆಯಾಗಲಿಲ್ಲ, ಒತ್ತಿದಾಗ ಎಂಜಿನ್ ಬದುಕಿತು. ಸೋರುವುದಿಲ್ಲ ಎಂಬುದು ಧೈರ್ಯ ಕೊಡುವ ಮಾತಲ್ಲ. ಓಡುವಾಗ ಪೈಪಿನೊಳಗೆ ಎಳೆತವಿರುತ್ತದೆ, ಸಡಿಲವಾದ ಜೋಡಣೆ ಎಣ್ಣೆಯನ್ನು ಹೊರಗೆ ಬಿಡದೆಯೂ ಗಾಳಿಯನ್ನು ಒಳಗೆ ಎಳೆದುಕೊಳ್ಳಬಹುದು.

ಪಂಪಿನ ತಪ್ಪೋ ಪೈಪಿನ ತಪ್ಪೋ ಎಂದು ಬಿಡಿಸಲು ಹಳೆಯ ಪೈಪ್, ಹಳೆಯ ಬಲ್ಬ್ ಹಾಕಿ, ಸಣ್ಣ ಟ್ಯಾಂಕನ್ನು ಎಂಜಿನ್ನಿನ ಬುಡದಲ್ಲೇ ಇಟ್ಟು ಓಡಿಸಿ.

ಅಲ್ಲಿಯವರೆಗೆ ದಯವಿಟ್ಟು ಪೂರ್ತಿ ವೇಗದಲ್ಲಿ ಕಡಲಿಗೆ ಹೋಗಬೇಡಿ. ಆಯಿಲ್ ಎಣ್ಣೆಯಲ್ಲೇ ಬೆರೆತಿರುವುದರಿಂದ ಎಣ್ಣೆ ಕಡಿಮೆಯಾದಾಗ ಪಿಸ್ಟನ್ನಿಗೆ ಸಿಗುವ ಜಿಡ್ಡೂ ಕಡಿಮೆಯಾಗುತ್ತದೆ, ಉರಿಯ ಬಿಸಿಯೂ ಏರುತ್ತದೆ. ಪಿಸ್ಟನ್ ಹಿಡಿದುಕೊಂಡರೆ ರಿಪೇರಿಯವರು ಹೇಳಿದ ಹೊಸ ಎಂಜಿನ್ ನಿಜವಾಗಿಯೂ ಬೇಕಾಗುತ್ತದೆ. ಎರಡೂ ಪ್ಲಗ್ ತೆಗೆದು ತುದಿಯ ಬಣ್ಣ ನೋಡಿ. ಕಂದು ಬಣ್ಣವಿದ್ದರೆ ಚಿಂತೆಯಿಲ್ಲ; ಸುಣ್ಣದಂತೆ ಬೆಳ್ಳಗಾಗಿದ್ದರೆ ಅಥವಾ ಅಲ್ಯೂಮಿನಿಯಮ್ಮಿನ ಹೊಳಪಿನ ಚುಕ್ಕೆಗಳಿದ್ದರೆ ಹಗ್ಗ ಎಳೆಯುವುದನ್ನೂ ನಿಲ್ಲಿಸಿ.

ಭಟ್ಕಳ ಕಡಲು:
ನನ್ನ ದೋಣಿಯಲ್ಲಿ ಸದ್ದು ಏರುತ್ತದೆ, ಓಟ ಏರುವುದಿಲ್ಲ. ಹಾಗಾದರೆ ಬುಷ್ ಜಾರುತ್ತಿದೆಯೇ? ನೋಡಿದರೆ ಗೊತ್ತಾಗುತ್ತದೆಯೇ?

ಕಾರವಾರ ಫೋರ್ ಸ್ಟ್ರೋಕ್:
ನೋಡಿದ ಮಾತ್ರಕ್ಕೆ ಗೊತ್ತಾಗದು. ಪ್ರೊಪೆಲ್ಲರ್ ತೆಗೆದು, ನಡುವಿನ ಲೋಹದ ತೋಳಿನಿಂದ ರಬ್ಬರ್ ದಾಟಿ ಹೊರಗಿನ ಗುಂಬದವರೆಗೆ ಬಣ್ಣದಲ್ಲಿ ಒಂದು ನೇರ ಗೆರೆ ಎಳೆಯಿರಿ. ಪೂರ್ತಿ ವೇಗದಲ್ಲಿ ಓಡಿಸಿ ಬಂದ ಮೇಲೆ ಗೆರೆ ತುಂಡಾಗಿ ಪಕ್ಕಕ್ಕೆ ಸರಿದಿದ್ದರೆ ಜಾರಿದ್ದು ಖಚಿತ. ಗೆರೆ ಸರಿದಿಲ್ಲವಾದರೆ ಎಂಜಿನ್ ತೀರಾ ಎತ್ತರದಲ್ಲಿ ಕೂತು ಪ್ರೊಪೆಲ್ಲರ್ ಗಾಳಿ ಹಿಡಿಯುತ್ತಿದೆಯೇ ನೋಡಿ. ಇದಕ್ಕೆ ಬೇರೆ ಚರ್ಚೆ ತೆರೆದರೆ ಒಳ್ಳೆಯದು.

ಗಂಗೊಳ್ಳಿ ನಾಡದೋಣಿ:
ಸಣ್ಣ ಟ್ಯಾಂಕನ್ನು ಹಿಂದೆ ಇಟ್ಟು ಪಂಚಗಂಗಾವಳಿಯಲ್ಲಿ ಸೇತುವೆಯ ಕಡೆಗೆ ಪೂರ್ತಿ ತಿರುಗಿಸಿ ಓಡಿಸಿದೆ. ಒಮ್ಮೆಯೂ ಮುಗ್ಗರಿಸಲಿಲ್ಲ, ಹೋದ ವರ್ಷದ ಓಟವೇ ಬಂತು. ಪ್ಲಗ್ಗುಗಳು ಸ್ವಲ್ಪ ಬಿಳುಪಾಗಿವೆ, ಚುಕ್ಕೆಗಳಿಲ್ಲ. ಟ್ಯಾಂಕ್ ಹಿಂದಕ್ಕೆ ತಂದರೆ ಐಸ್ ಪೆಟ್ಟಿಗೆಗೆ ಜಾಗವಿಲ್ಲ. ಮುಂದೆಯೇ ಇಡಬಹುದೇ?

ಹೊನ್ನಾವರ ಅಳಿವೆ:
ಇಡಬಹುದು. ಎಂಜಿನ್ನಿನ ಜೊತೆ ಬಂದ ಪೈಪಿಗಿಂತ ಒಳಗಿನ ಅಳತೆ ಒಂದು ಮಟ್ಟ ದೊಡ್ಡದಿರುವ, ಸೀಮೆಎಣ್ಣೆ ತಡೆಯುವ ಪೈಪನ್ನು ನಡುವೆ ಜೋಡಣೆಯಿಲ್ಲದೆ ಒಂದೇ ತುಂಡಾಗಿ ಎಳೆಯಿರಿ. ಬಲ್ಬನ್ನು ಎಂಜಿನ್ನಿನ ಹತ್ತಿರಕ್ಕೆ ತನ್ನಿ, ಅದರ ಮೇಲಿನ ಬಾಣ ಎಂಜಿನ್ನಿನ ಕಡೆಗಿರಲಿ. ಆಗ ಮುಂದೆ ಎಂದಾದರೂ ಪೈಪ್ ಕಟ್ಟಿದರೆ ಬಲ್ಬ್ ಚಪ್ಪಟೆಯಾಗಿ ನಿಮ್ಮ ಕೈಗೇ ತಿಳಿಯುತ್ತದೆ. ಪ್ಲಗ್ ಬೆಳ್ಳಗಾಗಿರುವುದರಿಂದ ಎರಡೂ ಸಿಲಿಂಡರಿನ ಕಂಪ್ರೆಶನ್ (ಒಳಗಿನ ಒತ್ತಡ) ಅಳೆಸಿ, ಒಂದಕ್ಕೊಂದು ಸಮವಿದೆಯೇ ಎಂದು ಇಲ್ಲಿ ಬರೆಯಿರಿ.

ಮಲ್ಪೆ ಎಂಜಿನ್ ಕೆಲಸ:
ಪೈಪ್ ಬದಲಿಸುವಾಗಲೇ ಡಯಾಫ್ರಾಮ್ ಕಿಟ್ಟನ್ನೂ ಹಾಕಿಬಿಡಿ. ಇಷ್ಟು ದಿನ ಸಣ್ಣ ಪೈಪಿನಲ್ಲಿ ಎಳೆದೆಳೆದು ಆ ಪೊರೆಯೂ ದಣಿದಿರುತ್ತದೆ. ಗೇಜ್ ನನ್ನಲ್ಲಿದೆ, ಮಲ್ಪೆಗೆ ಬಂದರೆ ಕಂಪ್ರೆಶನ್ ಅಳೆದು ಕೊಡುತ್ತೇನೆ.