ಜೋಮ್ಸೋಮ್‌ನಲ್ಲಿ ಇಳಿಯುವ ವಿಮಾನಕ್ಕೆ ಹತ್ತು ನಾಟ್ ಹಿಂಗಾಳಿ ಅಷ್ಟು ದೊಡ್ಡ ಅಪಾಯವೇ?

ಪ್ರಶ್ನೆ

ಬರುವ ವೈಶಾಖದಲ್ಲಿ ತಾಯಿಯವರನ್ನು ನೇಪಾಳದ ಮುಕ್ತಿನಾಥಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮಗಳು ಕಾಳಿಗಂಡಕಿಯಿಂದ ಬಂದವು. ಆ ನದಿಯನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬುದು ಅವರ ಬಹುದಿನದ ಆಸೆ. ಅವರಿಗೆ ಎಪ್ಪತ್ತು ದಾಟಿರುವುದರಿಂದ, ಪೋಖರಾದಿಂದ ಜೀಪಿನಲ್ಲಿ ಇಡೀ ದಿನ ಕುಲುಕಾಡಿಕೊಂಡು ಹೋಗುವುದಕ್ಕಿಂತ ಮುಕ್ತಿನಾಥಕ್ಕೆ ಹತ್ತಿರದ ಜೋಮ್ಸೋಮ್‌ಗೆ ಇಪ್ಪತ್ತು ನಿಮಿಷದ ವಿಮಾನವೇ ಲೇಸೆಂದುಕೊಂಡಿದ್ದೆ.

ಆ ವಿಮಾನ ನಿಲ್ದಾಣದ ಬಗ್ಗೆ ಓದುವಾಗ 2013ರ ಮೇ 16ರ ಅಪಘಾತದ ವಿವರ ಕಣ್ಣಿಗೆ ಬಿತ್ತು. ಪೋಖರಾದಿಂದ ಬೆಳಿಗ್ಗೆ ಹೊರಟ ನೇಪಾಳ ಏರ್‌ಲೈನ್ಸ್‌ನ ಟ್ವಿನ್ ಆಟರ್ ವಿಮಾನ ಇಳಿದ ಮೇಲೆ ಓಡುದಾರಿಯಿಂದ ಹೊರಗೆ ಜಾರಿ ಕಾಳಿಗಂಡಕಿಯ ಪಾತ್ರಕ್ಕೆ ಬಿದ್ದಿತು. ಅದರಲ್ಲಿದ್ದ 21 ಮಂದಿಯೂ ಬದುಕುಳಿದರು. ಕೆಲವರಿಗೆ ಬಲವಾದ ಪೆಟ್ಟಾಯಿತು. ಆಗ ಬೀಸುತ್ತಿದ್ದ ನೈಋತ್ಯದ ಗಾಳಿಯ ವೇಗ ಹತ್ತು ನಾಟ್‌ನ ಆಸುಪಾಸು, ಅಂದರೆ ಗಂಟೆಗೆ ಹದಿನೆಂಟು ಕಿಲೋಮೀಟರ್ ಮಾತ್ರ. ಗದಗದ ಕಡೆಯ ಗಾಳಿಯಂತ್ರಗಳ ಗುಡ್ಡ ಹತ್ತಿದವರಿಗೆ ಇದೊಂದು ಗಾಳಿಯೇ ಅಲ್ಲ. ಇಷ್ಟಕ್ಕೇ ಹತ್ತೊಂಬತ್ತು ಆಸನದ ವಿಮಾನವೊಂದು ನದಿಗೆ ಬೀಳುವುದು ಹೇಗೆ? ಹಿಂದಿನಿಂದ ಗಾಳಿ ಇದ್ದರೆ ಎದುರು ತುದಿಯಿಂದ ಇಳಿಯಬಾರದೇ?

ಉತ್ತರ 1

ನಿಮ್ಮ ಸಂಶಯ ಸಹಜವಾದದ್ದು, ಆದರೆ ಗಾಳಿಯ ಬಲವನ್ನು ಮೈಗೆ ತಾಗುವ ರಭಸದಿಂದ ಅಳೆದರೆ ಲೆಕ್ಕ ತಪ್ಪುತ್ತದೆ. ವಿಮಾನವನ್ನು ಎತ್ತಿಹಿಡಿಯುವುದು ರೆಕ್ಕೆಯ ಮೇಲೆ ಹರಿಯುವ ಗಾಳಿ. ಅದನ್ನು ನಿಲ್ಲಿಸಬೇಕಾದದ್ದು ನೆಲದ ಮೇಲೆ ಚಕ್ರಗಳು. ಈ ಎರಡು ವೇಗಗಳ ನಡುವಿನ ಅಂತರದಲ್ಲೇ ತೊಂದರೆಯೆಲ್ಲ ಇರುವುದು.

ಟ್ವಿನ್ ಆಟರ್‌ನಂಥ ವಿಮಾನ ಸುಮಾರು 70 ನಾಟ್ ವೇಗದಲ್ಲಿ ಇಳಿಯಲು ಬರುತ್ತದೆ ಎಂದಿಟ್ಟುಕೊಳ್ಳಿ. ಸಮುದ್ರಮಟ್ಟದಲ್ಲಿ, ಗಾಳಿಯಿಲ್ಲದ ದಿನ, ನೆಲದ ಮೇಲಿನ ವೇಗವೂ ಅಷ್ಟೇ. ಜೋಮ್ಸೋಮ್ ಇರುವುದು 2,700 ಮೀಟರಿಗೂ ಮಿಕ್ಕಿದ ಎತ್ತರದಲ್ಲಿ. ಅಲ್ಲಿ ಗಾಳಿ ತೆಳು. ಮಾಪಕ 70 ತೋರಿಸುತ್ತಿದ್ದರೂ ವಿಮಾನ ನಿಜವಾಗಿ 80 ನಾಟ್‌ನಲ್ಲಿ ಹೋಗುತ್ತಿರುತ್ತದೆ. ಇದರ ಮೇಲೆ ಹತ್ತು ನಾಟ್ ಹಿಂಗಾಳಿ ಸೇರಿದರೆ ಚಕ್ರ ನೆಲ ಮುಟ್ಟುವಾಗ ವೇಗ 90. ಬ್ರೇಕು ಹೀರಬೇಕಾದ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 70ರಲ್ಲಿ ಇಳಿಯುವುದಕ್ಕೂ 90ರಲ್ಲಿ ಇಳಿಯುವುದಕ್ಕೂ ನಡುವೆ ಒಂದೂವರೆ ಪಟ್ಟಿಗಿಂತ ಹೆಚ್ಚು ವ್ಯತ್ಯಾಸವಿದೆ. ಅದೇ ಗಾಳಿ ಎದುರಿನಿಂದ ಬೀಸಿದ್ದರೆ ಮತ್ತೆ 70ಕ್ಕೇ ಬಂದು ನಿಲ್ಲುತ್ತಿತ್ತು. ಬೆನ್ನಿಗೆ ಗಾಳಿ ಹೊಡೆಯುವಾಗ ಇಳಿಜಾರಿನಲ್ಲಿ ಸೈಕಲ್ಲಿನ ಬ್ರೇಕು ಹಿಡಿದು ನೋಡಿದವರಿಗೆ ಇದು ಕೈಯಲ್ಲೇ ಗೊತ್ತಾಗುತ್ತದೆ. ಇಂಥ ವಿಮಾನಗಳಿಗೆ ಸಾಮಾನ್ಯವಾಗಿ ಹಿಂಗಾಳಿಯ ಮಿತಿ ಹತ್ತು ನಾಟ್ ಎಂದು ಇಟ್ಟಿರುವುದು ಈ ಕಾರಣಕ್ಕೆ. ಓಡುದಾರಿಯ ಉದ್ದವೋ, ಮುಕ್ಕಾಲು ಕಿಲೋಮೀಟರಿಗಿಂತ ಕಡಿಮೆ.

ಎದುರು ತುದಿಯಿಂದ ಇಳಿಯಬಾರದೇ ಎಂದಿರಿ. ಇಳಿಯಬಹುದು. ಆದರೆ ವಿಮಾನ ಬರುವುದು ದಕ್ಷಿಣದ ಕಮರಿಯ ಒಳಗಿನಿಂದ. ನೈಋತ್ಯದಿಂದ ಈಶಾನ್ಯಕ್ಕೆ ನೇರವಾಗಿ ಬಂದು ಇಳಿದರೆ ಅದು 06ನೇ ಸಂಖ್ಯೆಯ ದಿಕ್ಕು. 24ನೇ ದಿಕ್ಕಿಗೆ, ಅಂದರೆ ಎದುರು ತುದಿಯಿಂದ, ಇಳಿಯಬೇಕೆಂದರೆ ಓಡುದಾರಿಯನ್ನು ದಾಟಿ ಮುಂದೆ ಹೋಗಿ, ಎರಡೂ ಬದಿ ಬೆಟ್ಟಗಳಿರುವ ಕಣಿವೆಯೊಳಗೆ ಪೂರ್ತಿ ತಿರುಗಿ ಬರಬೇಕು. 2013ರ ವಿಮಾನ ನೇರವಾಗಿ 06ಕ್ಕೇ ಇಳಿಯಿತು; ನೈಋತ್ಯದ ಗಾಳಿ ಅದರ ಬೆನ್ನಿಗಿತ್ತು.

ಉತ್ತರ 2

ಲೆಕ್ಕ ಸರಿಯಾಗಿದೆ. ಆ ಗಾಳಿ ಎಲ್ಲಿಂದ ಬರುತ್ತದೆ ಎಂಬುದನ್ನು ಸೇರಿಸುತ್ತೇನೆ, ಏಕೆಂದರೆ ಯಾತ್ರೆಗೆ ಹೋಗುವವರಿಗೆ ಉಪಯೋಗಕ್ಕೆ ಬರುವುದು ಅದೇ.

ಒಂದು ಬದಿಗೆ 8,167 ಮೀಟರಿನ ಧವಳಗಿರಿ, ಇನ್ನೊಂದು ಬದಿಗೆ 8,091 ಮೀಟರಿನ ಅನ್ನಪೂರ್ಣ. ನಡುವೆ ಕಾಳಿಗಂಡಕಿ ಕೊರೆದ ಕಮರಿ. ಉತ್ತರಕ್ಕೆ ಮುಸ್ತಾಂಗ್‌ನ ಮರಗಿಡವಿಲ್ಲದ ಒಣ ನೆಲ. ಬಿಸಿಲೇರಿದಂತೆ ಆ ನೆಲ ಕಾದು ಅದರ ಮೇಲಿನ ಗಾಳಿ ಏಳುತ್ತದೆ, ಆ ಜಾಗಕ್ಕೆ ದಕ್ಷಿಣದ ತಂಪು ಗಾಳಿ ಕಮರಿಯ ಮೂಲಕ ನುಗ್ಗುತ್ತದೆ. ಊದುಕೊಳವೆಯಲ್ಲಿ ಒಲೆ ಊದಿದ ಹಾಗೆ. ಕಮರಿ ಮುಗಿದು ಕಣಿವೆ ಅಗಲವಾಗುವ ಮಾರ್ಫಾ, ಜೋಮ್ಸೋಮ್, ಕಾಗ್‌ಬೇನಿಗಳ ಉದ್ದಕ್ಕೂ ಅದರ ಆರ್ಭಟ ಹೆಚ್ಚು.

ನಾನು ಅಲ್ಲಿ ಎರಡು ರಾತ್ರಿ ಉಳಿದಿದ್ದೆ. ಬೆಳಿಗ್ಗೆ ಆರಕ್ಕೆ ಓಡುದಾರಿಯ ಪಕ್ಕದ ಗಾಳಿಚೀಲ ಒಗೆದು ಹಾಕಿದ ಪಂಚೆಯಂತೆ ಜೋತುಬಿದ್ದಿತ್ತು. ಒಂಬತ್ತೂವರೆಗೆ ಅದರ ತುದಿ ಆಗಾಗ ಏಳತೊಡಗಿತು. ಹನ್ನೊಂದಕ್ಕೆ ಅದು ಕೋಲಿನಂತೆ ಅಡ್ಡಲಾಗಿ ನಿಂತಿತ್ತು, ಕೊನೆಯ ವಿಮಾನ ಹೊರಟುಹೋಗಿ ಬಹಳ ಹೊತ್ತಾಗಿತ್ತು. ಮಧ್ಯಾಹ್ನ ನದಿಯ ಪಾತ್ರದಲ್ಲಿ ನಡೆದಾಗ ಮುಖಕ್ಕೆ ಬಟ್ಟೆ ಸುತ್ತಿಕೊಂಡಿದ್ದರೂ ಹಲ್ಲಿನ ನಡುವೆ ಮರಳು ಕರಕರ ಎನ್ನುತ್ತಿತ್ತು. ‘ಗಾಳಿ ಬಂದಾಗ ತೂರಿಕೋ’ ಎಂಬ ನಮ್ಮ ಗಾದೆ ಆ ಊರಿನಲ್ಲಿ ಹುಟ್ಟುವ ಸಾಧ್ಯತೆಯೇ ಇರಲಿಲ್ಲ.

ಉತ್ತರ 3

ಮೇಲಿನ ಇಬ್ಬರ ಮಾತೂ ನಿಜವಾದರೂ, ಎಲ್ಲವನ್ನೂ ಗಾಳಿಯ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. 2013ರ ಅಪಘಾತದ ತನಿಖಾ ಆಯೋಗ ಮುಖ್ಯ ಕಾರಣವೆಂದು ಹೇಳಿದ್ದು ಇಳಿಸುವ ವಿಧಾನದ ದೋಷವನ್ನು. ಗಿಡ್ಡ ಓಡುದಾರಿಗೆ ಇಳಿಯುವಾಗ ಪಾಲಿಸಬೇಕಾದ ಕ್ರಮ ಸರಿಯಾಗಿ ನಡೆಯಲಿಲ್ಲ; ನೆಲ ಮುಟ್ಟಿದ ಮೇಲೆ ಪೈಲಟ್ ಮತ್ತೆ ಮೇಲೇರಲು ಯತ್ನಿಸಿದಾಗ ಅದಕ್ಕೆ ಬೇಕಾದ ವೇಗವೂ ಇರಲಿಲ್ಲ, ಮುಂದೆ ಓಡುದಾರಿಯೂ ಉಳಿದಿರಲಿಲ್ಲ. ಪೈಲಟ್ ಏನು ಮಾಡಹೊರಟಿದ್ದಾರೆ ಎಂಬುದರ ಬಗ್ಗೆ ಸಿಬ್ಬಂದಿಯ ನಡುವೆ ಸರಿಯಾದ ಮಾತುಕತೆ ಇರಲಿಲ್ಲವೆಂದೂ ವರದಿ ಹೇಳಿತು. ಹಿಂಗಾಳಿ ತಪ್ಪಿಗೆ ಇದ್ದ ಅವಕಾಶವನ್ನು ಕಿರಿದುಮಾಡಿತು ಎನ್ನಬಹುದೇ ಹೊರತು ಗಾಳಿಯೇ ವಿಮಾನವನ್ನು ನದಿಗೆ ತಳ್ಳಿತು ಎನ್ನಲಾಗದು. ಎದುರುಗಾಳಿಯಿದ್ದಿದ್ದರೆ ಬಹುಶಃ ಅದೇ ತಪ್ಪು ಮುಚ್ಚಿಹೋಗುತ್ತಿತ್ತು.

ಇನ್ನೊಂದು ವಿಷಯ. ಇದನ್ನು 2012ರ ಮೇ 14ರ ದುರಂತದೊಂದಿಗೆ ಬಹಳ ಜನ ಬೆರೆಸುತ್ತಾರೆ. ಅದು ಅಗ್ನಿ ಏರ್‌ನ ಡಾರ್ನಿಯರ್ ವಿಮಾನ. ಇಳಿಯುವುದನ್ನು ಕೈಬಿಟ್ಟು ತಿರುಗುವಾಗ ಬೆಟ್ಟದ ಪಕ್ಕೆಗೆ ಬಡಿಯಿತು. ಅದರಲ್ಲಿದ್ದ 21 ಮಂದಿಯಲ್ಲಿ 15 ಮಂದಿ ಸತ್ತರು, ಅವರಲ್ಲಿ 13 ಮಂದಿ ಭಾರತೀಯರು. ಉತ್ತರ 1ರಲ್ಲಿ ಹೇಳಿದ ಆ ತಿರುವಿಗೆ ಕಣಿವೆಯಲ್ಲಿ ಎಷ್ಟು ಕಡಿಮೆ ಜಾಗವಿದೆ ಎಂಬುದು ಇದರಿಂದ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ನಮ್ಮ ಪ್ರವಾಸದ ಏಜೆಂಟರು ‘ಹತ್ತರ ಮೇಲೂ ವಿಮಾನ ಸಿಗುತ್ತದೆ, ಚಿಂತೆ ಬೇಡ’ ಎಂದಿದ್ದರು. ಅವರ ಮಾತನ್ನು ಈಗ ಪಕ್ಕಕ್ಕಿಟ್ಟಿದ್ದೇನೆ. ಬೆಳಗಿನ ಮೊದಲ ಸರದಿಗೇ ಟಿಕೆಟ್ ಕೇಳುತ್ತೇನೆ, ವಿಮಾನ ರದ್ದಾದರೆಂದು ಪೋಖರಾದಲ್ಲಿ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳುತ್ತೇನೆ. ಹಿಂತಿರುಗುವಾಗಲೂ ಇದೇ ನಿಯಮವೇ?

ಉತ್ತರ 2 ಬರೆದವರು

ಹೌದು, ಹಿಂತಿರುಗುವ ವಿಮಾನವೂ ಬೆಳಿಗ್ಗೆಯೇ. ಆದ್ದರಿಂದ ದರ್ಶನವಾದ ಮೇಲೆ ಮುಕ್ತಿನಾಥದಲ್ಲಿ ತಂಗದೆ ಸಂಜೆಯೇ ಜೀಪಿನಲ್ಲಿ ಜೋಮ್ಸೋಮ್‌ಗೆ ಇಳಿದುಬಿಡಿ. ತಾಯಿಯವರಿಗೆ ಸಾವಿರ ಮೀಟರ್ ಕೆಳಗೆ ನಿದ್ದೆಯೂ ಚೆನ್ನಾಗಿ ಬರುತ್ತದೆ. ಓಡುದಾರಿಗೆ ಮುಖಮಾಡಿದ ಕೋಣೆ ಸಿಕ್ಕರೆ ಎದ್ದ ಕೂಡಲೇ ಗಾಳಿಚೀಲವನ್ನು ಕಿಟಕಿಯಿಂದಲೇ ನೋಡಬಹುದು.