ಅಪ್‌ಡೇಟ್: ಮಗಳು ಬೆಂಚಲ್ಲೇ ಕೂರ್ತಾಳೆ ಅಂದಿದ್ನಲ್ಲ, ಅದು

ಹೋದ ವಾರ ಕೇಳಿದ್ದೆ, 9 ವರ್ಷದ ಮಗಳನ್ನ ಫುಟ್ಬಾಲ್ ಕೋಚ್ ಕೊನೇ 5 ನಿಮಿಷ ಮಾತ್ರ ಇಳಿಸ್ತಾರೆ ಏನ್ ಮಾಡ್ಲಿ ಅಂತ. ಮ್ಯಾಚ್ ಮುಗಿದ ತಕ್ಷಣ ಹೋಗಿ ಕೇಳಿ ಅಂದಿದ್ರಲ್ಲ ಒಬ್ರು, ಅದು ಪೂರ್ತಿ ಕೆಟ್ಟೋಯ್ತು, ಕೋಚ್ ಸೋತ ಸಿಟ್ಟಲ್ಲಿದ್ರು, ಮಾತಿಗೆ ಮಾತು ಬೆಳೀತು. ಪೇರೆಂಟ್ಸ್ ಗ್ರೂಪಲ್ಲಿ ಹಾಕಿದ್ದೂ ಬರೀ ಗಲಾಟೆ.

ವರ್ಕ್ ಆಗಿದ್ದು, ಯಾರಿಗೆ ಎಷ್ಟು ನಿಮಿಷ ಬರುತ್ತೆ ಅಂತ ಲೆಕ್ಕ ಹಾಕಿ ತೋರಿಸೋ ಐಡಿಯಾ. ಪ್ರಾಕ್ಟೀಸ್ ದಿನ ಬೇಗ ಹೋಗಿ ಸರ್, ಯಾರನ್ನ ಯಾವಾಗ ಇಳಿಸೋದು, ಯಾವಾಗ ಹೊರಗೆ ಕರೆಯೋದು ಅನ್ನೋ ಚಾರ್ಟ್ ನಾನು ನೋಡ್ಕೊಳ್ಲಾ ಅಂದೆ. 7 ಜನದ ಟೀಮು, 40 ನಿಮಿಷದ ಮ್ಯಾಚು, ಒಟ್ಟು 280 ನಿಮಿಷ, ನಮ್ಮಲ್ಲಿರೋದು 10 ಮಕ್ಕಳು, ತಲೆಗೆ 28 ಅಂತ ಚೀಟೀಲಿ ಬರ್ದು ಕೊಟ್ಟೆ. ಚೀಟಿ ನೋಡಿ ಸ್ವಲ್ಪ ಹೊತ್ತು ಸುಮ್ನಿದ್ದು ಹೇಳಿದ್ರು, ಆಟ ನಡೀತಿರುವಾಗ ಯಾರು ಎಷ್ಟೊತ್ತು ಆಡಿದ್ರು ಅಂತ ನಂಗೆ ನೆನಪೇ ಇರಲ್ಲ ಅಂತ! ನಾನು ಬೇಕಂತ್ಲೇ ಮಾಡ್ತಾರೆ ಅನ್ಕೊಂಡು ವಾರಗಟ್ಲೆ ಕುದೀತಿದ್ದೆ.

ಇನ್ನೊಂದು ಗೊತ್ತೇ ಇರ್ಲಿಲ್ಲ, ದೊಡ್ಡೋರ ಮ್ಯಾಚ್ ಥರ ಅಲ್ಲ, ಮಕ್ಕಳ ಆಟದಲ್ಲಿ ಹೊರಗೆ ಬಂದೋರು ಮತ್ತೆ ಇಳೀಬಹುದಂತೆ, ನಮ್ಮ ಲೀಗಲ್ಲೂ ಹಾಗೇ.

ಭಾನುವಾರ 27 ನಿಮಿಷ ಆಡಿದ್ಲು. 3-1 ಸೋತ್ವಿ, ಅವಳು ಕಾಲಿಗೆ ಕಟ್ಟಿದ್ದ ಶಿನ್ ಗಾರ್ಡ್ ಕೂಡ ಬಿಚ್ಚದೆ ಹಾಗೇ ನಿದ್ದೆ ಹೋದ್ಲು. ಕೀಪರ್ ಹುಡುಗ ಮಾತ್ರ ಈಗ್ಲೂ ಪೂರ್ತಿ 40 ನಿಲ್ತಾನೆ, ಬೇರೆ ಯಾರೂ ಗ್ಲೌಸ್ ಹಾಕ್ಕೊಳ್ಳೋಕೆ ಒಪ್ತಿಲ್ಲ, ಅದಿನ್ನೂ ಬಗೆಹರಿದಿಲ್ಲ.