ಸಹಾಯ ಬೇಕು: ಶೊಕುಪಾನ್ ಬದಿ ಕುಸಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ಜಪಾನಿನ ಹಾಲಿನ ಬ್ರೆಡ್ ಶೊಕುಪಾನ್ ಮೂರು ಸಲ ಮಾಡಿದೆ. 20 ಗ್ರಾಂ ಮೈದಾವನ್ನು 100 ಗ್ರಾಂ ಹಾಲಿನಲ್ಲಿ ಕಲಸಿ, ಸುಮಾರು 65 ಡಿಗ್ರಿಗೆ ಗಂಜಿಯ ಹಾಗೆ ಕಾಯಿಸಿ, ಆರಿದ ಮೇಲೆ ಉಳಿದ 280 ಗ್ರಾಂ ಮೈದಾಕ್ಕೆ ಸೇರಿಸುತ್ತೇನೆ. ಬೆಣ್ಣೆ ಕೊನೆಗೆ. ಈ ಗಂಜಿ ನೀರಿನಂಶ ಹಿಡಿದಿಡುತ್ತದೆ, ಅದಕ್ಕೇ ಬ್ರೆಡ್ ಮರುದಿನವೂ ಮೆತ್ತಗಿತ್ತು. ತುಂಬಾ ಖುಷಿಯಾಯಿತು.

ಆದರೆ ಓವನ್‌ನಿಂದ ತೆಗೆದ ಸ್ವಲ್ಪ ಹೊತ್ತಿಗೇ ಎರಡೂ ಬದಿ ಒಳಗೆ ಕುಸಿಯುತ್ತದೆ. ಇಪ್ಪತ್ತು ನಿಮಿಷ ಕೈಯಲ್ಲಿ ನಾದಿದರೂ ಹಿಟ್ಟು ಎಳೆದರೆ ಹರಿಯುತ್ತದೆ, ತೆಳು ಪರದೆಯ ಹಾಗೆ ಹಿಗ್ಗುವುದಿಲ್ಲ. ನಮ್ಮ ಮೈದಾದಲ್ಲಿ ಪ್ರೋಟೀನ್ ಕಡಿಮೆ ಅಲ್ವಾ, ಅದೇ ಕಾರಣವೇ? ಗ್ಲುಟನ್ (ಗೋಧಿಯ ಪ್ರೋಟೀನ್) ಪುಡಿ ಸೇರಿಸಿದರೆ ಸರಿಹೋಗುತ್ತದೆಯೇ? ಅಥವಾ ಬೇಯುವುದು ಸಾಲದೇ? ಈಗ 180 ಡಿಗ್ರಿಯಲ್ಲಿ 30 ನಿಮಿಷ ಇಡುತ್ತೇನೆ. ಮಾಡಿ ನೋಡಿದವರು ದಯವಿಟ್ಟು ಹೇಳಿ. ಭಾನುವಾರ ಮಗಳ ಹುಟ್ಟುಹಬ್ಬ, ಅವಳಿಗೆ ಇದೇ ಬ್ರೆಡ್ ಬೇಕಂತೆ.